ಖಾನಾವಳಿಯ ಟಿವಿ ನಿಂತು ನಿಂತು ಓಡಿದ್ದು

ಹೋದ ಮೇ ತಿಂಗಳಲ್ಲಿ ಕಲಬುರಗಿಯಿಂದ ಮಾಮಾ ಫೋನ್ ಮಾಡಿದರು. "ತಮ್ಮಾ, ನಿನ್ನ ಟಿವಿ ನಿಂತ ನಿಂತ ಓಡಲತ್ತದ ನೋಡು." ಅವರ ಖಾನಾವಳಿಯಲ್ಲಿ ಊಟದ ರೇಟು, ಇವತ್ತಿನ ಪಲ್ಯ ಏನು ಅಂತ ತೋರಿಸೋಕೆ ಒಂದು ಟಿವಿ ಇದೆ. ಅದರ ಹಿಂದೆ ಆ ವಿಡಿಯೊ ಓಡಿಸೋ ಅಂಗೈಯಗಲದ ಕಂಪ್ಯೂಟರ್, ರಾಸ್ಪ್‌ಬೆರ್ರಿ ಪೈ 4, ಅಂಟಿಸಿ, ವೈರು ಕಾಣಬಾರದು ಅಂತ ಪ್ಲೈವುಡ್ ಡಬ್ಬಿ ಹೊಡೆಸಿ ಬಂದವನು ನಾನೇ. ಬೆಂಗಳೂರಿನ ಮನೆಯಲ್ಲಿ ಮೂರು ದಿನ ಓಡಿಸಿ ನೋಡಿದ್ದೆ, ಒಂದು ತೊಂದರೆಯೂ ಇರಲಿಲ್ಲ.

ಮೊದಲು ಸಾಫ್ಟ್‌ವೇರ್ ಮೇಲೆ ಗುಮಾನಿ. ಎರಡು ರಾತ್ರಿ ಇಲ್ಲಿಂದಲೇ ಕೂತು ಅದನ್ನು ತಿದ್ದಿದೆ, ಸುಮ್ನೆ ದಂಡ. ಕೊನೆಗೆ ಊರಿಗೆ ಹೋಗಿ ಡಬ್ಬಿ ಬಿಚ್ಚಿದರೆ ಒಳಗಿಂದ ಒಲೆ ಮುಂದೆ ನಿಂತ ಹಾಗೆ ಬಿಸಿ ಗಾಳಿ ಮುಖಕ್ಕೆ ಬಡಿಯಿತು. ಒಲೆಯೇ ಅನ್ನಿ, ಆ ಗೋಡೆಯ ಆಚೆ ರೊಟ್ಟಿ ಬಡಿಯುವ ಜಾಗ! ಗೋಡೆ ಮುಟ್ಟಿದರೆ ಬೆಚ್ಚಗಿತ್ತು, ಇದನ್ನು ಡಬ್ಬಿ ಹೊಡೆಯುವಾಗ ನಾನು ಮುಟ್ಟಿಯೂ ನೋಡಿರಲಿಲ್ಲ.

ಲೆಕ್ಕ ಸಣ್ಣದು. ಕೆಲಸ ಅದೇ ಆಗಿದ್ದರೆ, ಗಾಳಿ ಎಷ್ಟೇ ಬಿಸಿ ಇರಲಿ, ಪೈಯ ಚಿಪ್ಪು ಅದಕ್ಕಿಂತ ಹೆಚ್ಚುಕಮ್ಮಿ ಅಷ್ಟೇ ಡಿಗ್ರಿ ಮೇಲೆ ಇರುತ್ತೆ. ನನ್ನ ಮನೆಯಲ್ಲಿ ಗಾಳಿ 26, ಚಿಪ್ಪು 58, ಅಂದರೆ ವ್ಯತ್ಯಾಸ 32. ಡಬ್ಬಿಯೊಳಗೆ ಗಾಳಿಯೇ 50 ಇತ್ತು. ಕೂಡಿಸಿದರೆ 82. ಈ ಪೈ 80 ಡಿಗ್ರಿ ದಾಟಿದ ಕೂಡಲೇ ತನ್ನನ್ನು ಉಳಿಸಿಕೊಳ್ಳೋಕೆ ವೇಗ ಇಳಿಸುತ್ತೆ, 85ರಲ್ಲಿ ಇನ್ನೂ ಜೋರಾಗಿ. ಅದು ಕೆಟ್ಟಿರಲಿಲ್ಲ, ಸುಸ್ತಾಗಿತ್ತು. ಮಾಮಾಗೆ ಇದನ್ನೇ ಹೇಳಿದೆ. "ಬಿಸಲಾಗ ಮಂದೀನೇ ನಿಂದ್ರವಲ್ರು, ಇದೇನ್ ನಿಂದ್ರತದಪಾ" ಅಂದರು.

ಫ್ಯಾನ್ ಹಾಕಿದರೆ ಆಯ್ತಲ್ವಾ ಅಂತೀರಾ? ಹಾಕಿಯೇ ಇದ್ದೆ, ಬೆರಳಗಲದ ಪುಟ್ಟ ಫ್ಯಾನು. ಒಗ್ಗರಣೆಯ ಎಣ್ಣೆ ಹೊಗೆ, ಅದರ ಮೇಲೆ ಜೋಳದ ಹಿಟ್ಟು ಕೂತು ರೆಕ್ಕೆಗಳ ಮೇಲೆ ಕಣಕ ಮೆತ್ತಿದ ಹಾಗೆ ಆಗಿತ್ತು, ಕೈಯಲ್ಲಿ ತಿರುಗಿಸಿದರೂ ತಿರುಗಲಿಲ್ಲ. ಅಡುಗೆಮನೆ ಹತ್ತಿರ ಫ್ಯಾನ್ ಬೇಡವೇ ಬೇಡ. ದಪ್ಪ ಅಲ್ಯೂಮಿನಿಯಂ ಕೇಸೇ ಬಿಸಿ ಹೀರಿ ಹೊರಬಿಡುವ ಹೀಟ್‌ಸಿಂಕ್ ಆಗಿರೋದು ಸಿಗುತ್ತಲ್ಲ, ಅದು ಹಾಕಿದೆ. ಪ್ಲೈವುಡ್ ಕಿತ್ತು, ಪೈಯನ್ನು ಟಿವಿಯ ಇನ್ನೊಂದು ಪಕ್ಕಕ್ಕೆ, ಗೋಡೆಯಿಂದ ನಾಲ್ಕು ಬೆರಳು ದೂರ ನಿಲ್ಲಿಸಿದೆ. ವೈರು ಈಗ ಕಾಣುತ್ತೆ, ಕಾಣಲಿ ಬಿಡಿ.

ವಿಡಿಯೊ ಫೈಲಿನ ತಪ್ಪೂ ಇತ್ತು. ಡಿಸೈನ್ ಮಾಡಿದ ಹುಡುಗ 4ಕೆ, ಅಂದರೆ ತುಂಬಾ ದೊಡ್ಡ ಅಳತೆಯ ಚಿತ್ರದ, ಎಚ್.264 ಅನ್ನೋ ರೀತಿಯಲ್ಲಿ ಒತ್ತಿ ಚಿಕ್ಕದು ಮಾಡಿದ ಫೈಲ್ ಕೊಟ್ಟಿದ್ದ. ಪೈ 4ರ ಹಾರ್ಡ್‌ವೇರ್ ಎಚ್.264 ಅನ್ನು 1080ಪಿ ಅನ್ನೋ ಅದಕ್ಕಿಂತ ಚಿಕ್ಕ ಅಳತೆ ತನಕ ಮಾತ್ರ ಬಿಚ್ಚುತ್ತೆ, ಅದಕ್ಕಿಂತ ದೊಡ್ಡದಾದರೆ ಎಲ್ಲ ಭಾರ ಪ್ರೊಸೆಸರ್ ಮೇಲೆ. ತಮಾಷೆ ಅಂದರೆ ಆ ಟಿವಿಯೇ 1080ಪಿ! ಎಫ್‌ಎಫ್‌ಎಂಪೆಗ್ ಅನ್ನೋ ವಿಡಿಯೊ ಬದಲಿಸುವ ಸಾಫ್ಟ್‌ವೇರ್‌ನಲ್ಲಿ 1080ಪಿ, ಸೆಕೆಂಡಿಗೆ 30 ಫ್ರೇಮ್‌ಗೆ ಇಳಿಸಿದೆ. ಮಧ್ಯಾಹ್ನ ಮೂರಕ್ಕೆ ಚಿಪ್ಪು 69 ಡಿಗ್ರಿ.

ಆದರೂ ಆಗೊಮ್ಮೆ ಈಗೊಮ್ಮೆ ತಡವರಿಸುತ್ತಿತ್ತು. 'ವಿಸಿಜೆನ್‌ಸಿಎಂಡಿ ಗೆಟ್ ಥ್ರಾಟಲ್ಡ್' ಅಂತ ಒಂದು ಕಮ್ಯಾಂಡ್ ಇದೆ, ಎಲ್ಲ ಸರಿ ಇದ್ದರೆ ಸೊನ್ನೆ ತೋರಿಸುತ್ತೆ. ಇಲ್ಲಿ ಸೊನ್ನೆ ಬರಲಿಲ್ಲ, ವೋಲ್ಟೇಜ್ ಕಮ್ಮಿ ಅನ್ನೋ ಗುರುತು ಬಂತು. ವೈರು ಹಿಡಿದುಕೊಂಡು ಹೋದರೆ ತುದಿಯಲ್ಲಿ ಯಾವುದೋ ಹಳೇ ಮೊಬೈಲ್ ಚಾರ್ಜರ್. ನಾನು ಕೊಟ್ಟಿದ್ದ 5.1 ವೋಲ್ಟ್, 3 ಆಂಪ್ ಅಡಾಪ್ಟರ್ ಗಲ್ಲಾದ ಹತ್ತಿರ ಬಿಲ್ ಬರೆಯುವ ಹುಡುಗನ ಫೋನಿಗೆ ಚುಚ್ಚಿತ್ತು. "ಇದರಲ್ಲಿ ಜಲ್ದಿ ಚಾರ್ಜ್ ಆಗ್ತದ ಅಣ್ಣಾ" ಅಂದ.

ಅಡಾಪ್ಟರ್ ವಾಪಸ್ ತಂದು ಹಾಕಿದೆ. ಮೇಲೆ ಬಿಳಿ ಟೇಪ್ ಅಂಟಿಸಿ ಸ್ಕೆಚ್ ಪೆನ್ನಲ್ಲಿ ದಪ್ಪಗೆ ಬರೆದೆ: 'ಮೊಬೈಲಿಗಲ್ಲ'.