ಒಪೆರಾ ಹೌಸ್‌ನ ಅರ್ಧ ಸಿನಿಮಾ

ಕನ್ನಡ ಮಾಷ್ಟ್ರು ತೀರಿಕೊಂಡ ಸುದ್ದಿ ಮುಂಬಯಿಯ ನಮ್ಮ ರಾತ್ರಿ ಶಾಲೆಯ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಬಂದಾಗ ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ನಾನು ಮಾತ್ರ "ಇನ್ನು ಉಳಿದರ್ಧ ಯಾರಿಗೆ ಹೇಳುವುದು?" ಅಂತ ಬರೆದೆ. ನಮ್ಮ ಬ್ಯಾಚಿನವರು ಅತ್ತರೋ ನಕ್ಕರೋ ಗೊತ್ತಿಲ್ಲ, ಆಮೇಲಿನ ಬ್ಯಾಚಿನ ಒಬ್ಬರು "ಸಾವಿನ ಮನೆಯಲ್ಲಿ ಇದೆಂಥ ತಮಾಷೆ" ಎಂದು ಬೈದರು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ ಅಂದುಕೊಳ್ಳಿ.

ಈಗಿನವರಿಗೆ ರಾತ್ರಿ ಶಾಲೆ ಅಂದರೆ ಏನೆಂದೇ ತಿಳಿಯದು. ಕೊಂಕಣ ರೈಲು ಪೂರ್ತಿ ಓಡಲು ಶುರುವಾದದ್ದು 1998ರಲ್ಲಿ. ನಾವು ಉಡುಪಿ, ಕುಂದಾಪುರ, ಕಾರ್ಕಳದ ಕಡೆಯ ಹುಡುಗರು ಅದಕ್ಕೂ ಮೂವತ್ತು ವರ್ಷ ಹಿಂದೆ ಘಟ್ಟ ಹತ್ತಿ, ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುತ್ತ ಮುಂಬಯಿಗೆ ಬಂದವರು. ಬೆಳಿಗ್ಗೆ ಐದಕ್ಕೆ ಹೋಟೆಲಿನ ಬಾಗಿಲು ತೆಗೆಯುವುದು, ಹಗಲಿಡೀ ಕಪ್ಪು ಬಶಿ ತೊಳೆಯುವುದು, ಟೇಬಲ್ ಒರೆಸುವುದು, ಸಂಜೆ ಕೈಗೆ ಸೋಪು ಹಚ್ಚಿ ಸಾಂಬಾರಿನ ವಾಸನೆ ಹೋಯಿತೇ ಎಂದು ಮೂಸಿ ನೋಡಿಕೊಂಡು ಶಾಲೆಗೆ ಓಡುವುದು. ಏಳರಿಂದ ಒಂಬತ್ತೂವರೆ. ಹಗಲು ಚಿಕ್ಕ ಮಕ್ಕಳು ಕೂತು ಹೋದ ಬೆಂಚುಗಳಲ್ಲಿ ರಾತ್ರಿ ಮೀಸೆ ಮೂಡುತ್ತಿದ್ದ ನಾವು ಮೊಣಕಾಲು ಮಡಚಿ ತುರುಕಿಕೊಳ್ಳುತ್ತಿದ್ದೆವು. ಆಗ ಎಸ್ಸೆಸ್ಸಿ, ಅಂದರೆ ಶಾಲೆಯ ಕೊನೆಯ ಪರೀಕ್ಷೆ, ಹನ್ನೊಂದನೇ ಕ್ಲಾಸಿಗೆ. ಊರಿಗೆ ಮನಿಯಾರ್ಡರ್ ಮಾಡಿ ಉಳಿದ ಚಿಲ್ಲರೆಯಲ್ಲಿ ನಮ್ಮ ಚೈನಿ ನಡೆಯಬೇಕು. ಚೈನಿ ಎಂದರೆ ಸಿನಿಮಾ, ಬೇರೇನಿಲ್ಲ.

ಮತ್ತೆ ನಮ್ಮ ಹೋಟೆಲು ಇದ್ದದ್ದು ಎಲ್ಲಿ? ಚರ್ನಿ ರೋಡ್ ಸ್ಟೇಷನ್ನಿನಿಂದ ನಾಲ್ಕು ಹೆಜ್ಜೆ, ಒಪೆರಾ ಹೌಸ್‌ನಲ್ಲಿ. ಮುಂಬಯಿಯಲ್ಲಿ ಒಪೆರಾ ಹೌಸ್ ಎಂದರೆ ಆ ಇಡೀ ಪ್ರದೇಶವೇ, ಬಸ್ ಕಂಡಕ್ಟರ್ ಕೂಗುವುದೂ ಹಾಗೆಯೇ. ಅದಕ್ಕೆ ಹೆಸರು ಕೊಟ್ಟದ್ದು ರಾಯಲ್ ಒಪೆರಾ ಹೌಸ್ ಎಂಬ ಥಿಯೇಟರು. ಆ ಕಟ್ಟಡವನ್ನು ಮೊದಲ ಸಲ ನೋಡಿದಾಗ ನಾನು ಅದನ್ನು ಇಗರ್ಜಿ ಅಂದುಕೊಂಡಿದ್ದೆ. ಕಂಬಗಳು, ಕೆತ್ತನೆ, ಮೇಲೆ ಮೂರ್ತಿಗಳು. ಅದರ ಮೈಮೇಲೆ ಸಿನಿಮಾದ ದೊಡ್ಡ ಬೋರ್ಡು! ಸಂಜೆ ಲೈಟು ಹಾಕಿದಾಗ ಗಲ್ಲಾದ ಪಕ್ಕ ಟೇಬಲ್ ಒರೆಸುವ ನೆಪದಲ್ಲಿ ನಿಂತು ನೋಡುವುದು, ಧಣಿಗಳು "ಎಂತ ಮಾರಾಯ, ಬಟ್ಟೆ ಒಂದೇ ಕಡೆ ತಿರುಗ್ತಾ ಉಂಟಲ್ಲ" ಎನ್ನುವವರೆಗೆ.

ಶಾಲೆಯಲ್ಲಿ ನಾನು ಏನು ಓದಿದೆ ಎಂದು ಕೇಳಬೇಡಿ. ಬೀಜಗಣಿತ ಪೂರ್ತಿ ಆವಿಯಾಗಿದೆ. ಭೂಗೋಳದಲ್ಲಿ ಮಾರುತಗಳು ಯಾವ ದಿಕ್ಕಿಗೋ ಬೀಸುತ್ತವೆ, ಅಷ್ಟು ಗೊತ್ತು. ಮಾಷ್ಟ್ರುಗಳು ಮಾತ್ರ ಕಣ್ಣೆದುರೇ ಇದ್ದಾರೆ. ಎಲ್ಲರೂ ಹಗಲು ಎಲ್ಲೋ ಗುಮಾಸ್ತರು, ರಾತ್ರಿ ಮಾಷ್ಟ್ರು. ಲೆಕ್ಕದ ಮಾಷ್ಟ್ರು ಬಂದರಿನ ಆಫೀಸಿನಲ್ಲಿದ್ದರು. ಸುಣ್ಣದ ಕಡ್ಡಿ ಉಳಿಸಲೆಂದು ಬೋರ್ಡಿನ ಮೇಲೆ ಇರುವೆ ಸಾಲಿನ ಹಾಗೆ ಬರೆಯುತ್ತಿದ್ದರು. ಶೇಕಡಾವಾರು ಲಾಭ ನಮ್ಮ ತಲೆಗೆ ಹತ್ತುವುದಿಲ್ಲ ಎಂದು ಗೊತ್ತಾದ ಮೇಲೆ ಒಂದು ದಿನ ಪುಸ್ತಕ ಮುಚ್ಚಿ, "ಥಿಯೇಟರ್ ಮುಂದೆ ಬ್ಲ್ಯಾಕಿನವನು ಎರಡು ರೂಪಾಯಿಯ ಟಿಕೆಟನ್ನು ಐದಕ್ಕೆ ಮಾರಿದ. ಲಾಭ ಶೇಕಡಾ ಎಷ್ಟು?" ಅಂದರು. ಇಡೀ ಕ್ಲಾಸು ಒಟ್ಟಿಗೆ "ನೂರೈವತ್ತು!" ಎಂದು ಕೂಗಿತು. ಅವರು ಸ್ವಲ್ಪ ಹೊತ್ತು ನಮ್ಮನ್ನೇ ನೋಡಿ, "ಹಾಗಾದರೆ ನೀವು ದಡ್ಡರಲ್ಲ, ನಾನೇ ತಪ್ಪು ಅಂಗಡಿ ತೆರೆದಿದ್ದೆ" ಎಂದರು.

ಕನ್ನಡ ಮಾಷ್ಟ್ರು ಬೇರೆಯೇ ಜಾತಿ. ಫೋರ್ಟಿನ ಒಂದು ಬ್ಯಾಂಕಿನಲ್ಲಿ ಗುಮಾಸ್ತರು, ಬಿಳಿ ಅಂಗಿ, ಕಂಕುಳಲ್ಲಿ ಕೊಡೆ, ಜೇಬಿನಲ್ಲಿ ನಶ್ಯದ ಡಬ್ಬಿ. ಪದ್ಯವನ್ನು ಓದುತ್ತಿರಲಿಲ್ಲ, ಹಾಡುತ್ತಿದ್ದರು. ಕೆಳಗಿನ ಓಣಿಯ ಗುಜರಾತಿ ಅಜ್ಜಿಯೊಬ್ಬಳು ಕಿಟಕಿಯಲ್ಲಿ ನಿಂತು ಕೇಳುತ್ತಿದ್ದಳು ಎಂದರೆ ನಂಬಬೇಕು. ಸಂಗೀತದ ಹುಚ್ಚು. ಗಣೇಶೋತ್ಸವ ಬಂತೆಂದರೆ ಗಿರಗಾಂವಿನ ಓಣಿಗಳಲ್ಲಿ ಎಲ್ಲೆಲ್ಲಿ ಯಾರ ಕಛೇರಿ ಎಂಬ ಪಟ್ಟಿ ಅವರ ಹತ್ತಿರ ಇರುತ್ತಿತ್ತು. ಶಾಲೆ ಬಿಟ್ಟ ಮೇಲೆ ನಮ್ಮನ್ನು ಹಿಂಡಾಗಿ ಕರೆದುಕೊಂಡು ಹೋಗುತ್ತಿದ್ದರು. ಟಿಕೆಟಿಲ್ಲ, ಏನಿಲ್ಲ, ರಸ್ತೆಯಲ್ಲೇ ಕೂರುವುದು. ಭೀಮಸೇನ ಜೋಶಿಯವರ ಹಾಡನ್ನು ನಾನು ಮೊದಲು ಕೇಳಿದ್ದು ಹಾಗೆ, ಒಬ್ಬ ದಪ್ಪ ಮನುಷ್ಯನ ಬೆನ್ನ ಹಿಂದೆ, ಮುಖ ಕಾಣದೆ. "ಗದಗಿನವರು, ನಮ್ಮವರು" ಎಂದು ಮಾಷ್ಟ್ರು ಕಿವಿಯಲ್ಲಿ ಹೇಳಿದರು. ನನಗೆ ನಿದ್ದೆ ಬರುತ್ತಿತ್ತು, ಬೆಳಿಗ್ಗೆ ಐದಕ್ಕೆ ಏಳಬೇಕಲ್ಲ. ಆದರೆ ಆ ದನಿ ನಿದ್ದೆಯೊಳಗೂ ಬಂದು ಎಳೆಯುತ್ತಿತ್ತು.

ಒಪೆರಾ ಹೌಸ್ ಮೂಲೆಯಲ್ಲಿ ನಿಂತು ಅವರು ಹೇಳಿದ ಕಥೆಗಳು ಯಾವ ಪುಸ್ತಕದಲ್ಲೂ ನಮಗೆ ಸಿಗಲಿಲ್ಲ. ಥಿಯೇಟರಿನ ಪಕ್ಕದಲ್ಲೇ ಬಿ. ಆರ್. ದೇವಧರ ಮಾಸ್ತರರ ಸಂಗೀತ ಶಾಲೆ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ ಎಂಬ ಹುಡುಗ ಅಲ್ಲಿ ಕಲಿತು ಬೆಳೆದ. ಅವನೇ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವ. ಮುಂದೆ ಕ್ಷಯ ಬಂದು ವರ್ಷಗಟ್ಟಲೆ ಹಾಡದೆ ಮಲಗಿ, ಮತ್ತೆ ಎದ್ದು ಹಾಡಿದವರು. "ಅವರೂ ನಿಮ್ಮ ವಯಸ್ಸಿಗೆ ಇದೇ ರಸ್ತೆ ದಾಟಿದವರು ಮಾರಾಯ" ಎಂದರೆ ನಮಗೆ ಮೈ ಜುಂ ಎನ್ನುತ್ತಿತ್ತು. ಥಿಯೇಟರಿನದ್ದೂ ಹಾಗೆಯೇ. ಐದನೇ ಜಾರ್ಜ್ ದೊರೆ 1911ರಲ್ಲಿ ಬಂದು ಅದನ್ನು ಉದ್ಘಾಟನೆ ಮಾಡುವಾಗ ಕಟ್ಟಡವೇ ಮುಗಿದಿರಲಿಲ್ಲವಂತೆ. ಮರಾಠಿ ರಂಗಭೂಮಿಯ ಬಾಲಗಂಧರ್ವರು ಅಲ್ಲಿ ಹಾಡಿದ್ದಾರೆ, ಲತಾ ಮಂಗೇಶ್ಕರ್ ಅವರ ತಂದೆ ಮಾಸ್ಟರ್ ದೀನಾನಾಥರು ಹಾಡಿದ್ದಾರೆ. ಪೃಥ್ವಿರಾಜ್ ಕಪೂರ್ ಅಲ್ಲಿ ನಾಟಕ ಆಡಿ, ಮುಗಿದ ಮೇಲೆ ಬಾಗಿಲಲ್ಲಿ ತಲೆ ತಗ್ಗಿಸಿ ಜೋಳಿಗೆ ಹಿಡಿದು ನಿಲ್ಲುತ್ತಿದ್ದರು, ಕಷ್ಟದಲ್ಲಿದ್ದವರಿಗಾಗಿ. ಆ ಜೋಳಿಗೆಗೆ ನಮ್ಮ ಮಾಷ್ಟ್ರೂ ಎರಡಾಣೆ ಹಾಕಿದ್ದರು. ಆಗ ಅವರೂ ಹೋಟೆಲಿನ ಹುಡುಗನೇ. ಈ ಎರಡಾಣೆಯನ್ನು ಅವರು ಎಷ್ಟು ಸಲ ಹೇಳಿದರೆಂದರೆ, ನಮ್ಮ ಲೆಕ್ಕದಲ್ಲಿ ಅದು ಬಡ್ಡಿ ಸೇರಿ ಥಿಯೇಟರನ್ನೇ ಕೊಳ್ಳುವಷ್ಟಾಗಿತ್ತು.

ಈಗ ಆ ಅರ್ಧದ ವಿಷಯ.

1969 ಮುಗಿದು 70 ಶುರುವಾದ ದಿನಗಳು. ರಾಜೇಶ್ ಖನ್ನಾನ ಎರಡು ಚಿತ್ರಗಳು, 'ಆರಾಧನಾ' ಮತ್ತು 'ದೋ ರಾಸ್ತೇ', ಒಪೆರಾ ಹೌಸ್ ಮತ್ತು ಎದುರಿನ ರಾಕ್ಸಿಯಲ್ಲಿ ಒಟ್ಟಿಗೆ ಓಡುತ್ತಿದ್ದವು. ರಸ್ತೆಯ ಈಚೆಗೂ ಅವನೇ, ಆಚೆಗೂ ಅವನೇ. ಹುಡುಗಿಯರ ಗುಂಪು, ಬ್ಲ್ಯಾಕಿನವರ ಗುಂಪು, ಪೊಲೀಸರ ಗುಂಪು. ನಮ್ಮ ಹೋಟೆಲಿನಲ್ಲಿ ಬಟಾಟೆವಡೆ ಕರಿದು ಮುಗಿಯುತ್ತಿರಲಿಲ್ಲ. ಮಾತಾಡಿದರೆ ಆರಾಧನಾ, ಗುನುಗಿದರೆ ಆರಾಧನಾ. ನೋಡಬೇಕು. ಆದರೆ ನಾವು ನಾಲ್ವರು, ದುಡ್ಡು ಎರಡು ಟಿಕೆಟಿನದ್ದು. ಜೊತೆಗೆ ಶಾಲೆಯಲ್ಲಿ ಹಾಜರಿ. ಮೊದಲ ಪಿರಿಯಡ್‌ಗೆ ಒಮ್ಮೆ, ಎಂಟರ ನಂತರ ಇನ್ನೊಮ್ಮೆ ಹೆಸರು ಕೂಗುತ್ತಿದ್ದರು. ಒಂದರಲ್ಲಾದರೂ "ಹಾಜರ್" ಎಂದರೆ ಬಚಾವ್. ಹೋಟೆಲಿನ ಕೆಲಸದಿಂದ ತಡವಾಗುತ್ತದೆ ಎಂದು ಅಷ್ಟು ಸಡಿಲ ಕೊಟ್ಟಿದ್ದರು.

ಉಪಾಯ ಯಾರದ್ದೆಂದು ಇವತ್ತಿಗೂ ಜಗಳ ಇದೆ, ನಿಜ ಹೇಳಬೇಕೆಂದರೆ ನನ್ನದೇ. ಸಂಜೆಯ ಆಟಕ್ಕೆ ಇಬ್ಬರು ಹೋಗುವುದು. ಇಂಟರ್‌ವಲ್ಲಿನಲ್ಲಿ ಹೊರಗೆ ಬಂದು, ಹರಿದ ಟಿಕೆಟನ್ನು ಮೂಲೆಯ ಪಾನ್ ಅಂಗಡಿಯ ಹತ್ತಿರ ಕಾಯುತ್ತಿರುವ ಇನ್ನಿಬ್ಬರಿಗೆ ಕೊಟ್ಟು ಶಾಲೆಗೆ ಓಡುವುದು. ಆ ಇಬ್ಬರು ಮೊದಲ ಪಿರಿಯಡ್‌ನಲ್ಲಿ ಹಾಜರಿ ಹಾಕಿಸಿ, ಹೊಟ್ಟೆನೋವು ಎಂದು ಹೊರಬಿದ್ದವರು. ನೂಕುನುಗ್ಗಲಿನಲ್ಲಿ ಗೇಟಿನವನು ಟಿಕೆಟ್ ನೋಡುತ್ತಾನೆ, ಮುಖ ಯಾರದ್ದು ನೋಡುತ್ತಾನೆ? ರಾತ್ರಿ ಹೋಟೆಲಿನ ಅಟ್ಟದಲ್ಲಿ ಮಲಗಿ ಒಬ್ಬರಿಗೊಬ್ಬರು ಕಥೆ ಹೇಳಿಕೊಂಡರೆ ಲೆಕ್ಕ ಚುಕ್ತಾ. ಎಲ್ಲವೂ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಡೆಯಿತು. ಒಂದು ಬಿಟ್ಟು. ರಾತ್ರಿ ನಾನು ಅರ್ಧ ಕಥೆ ಹೇಳುವಷ್ಟರಲ್ಲಿ ಮೂವರೂ ಗೊರಕೆ ಹೊಡೆಯುತ್ತಿದ್ದರು.

ಮರುದಿನವೇ ಕನ್ನಡ ಮಾಷ್ಟ್ರು ಬೋರ್ಡಿನ ಮೇಲೆ ಬರೆದರು: 'ನಾನು ಈಚೆಗೆ ಮೆಚ್ಚಿದ ಒಂದು ಕಥೆ.' ಅನುಮಾನ ಬಂದು ಹಾಗೆ ಮಾಡಿದರೋ ಸುಮ್ನೆ ಮಾಡಿದರೋ, ಕೊನೆಯವರೆಗೂ ಬಾಯಿ ಬಿಡಲಿಲ್ಲ. ನಾವು ನಾಲ್ವರೂ ಒಬ್ಬರನ್ನೊಬ್ಬರು ಕೇಳದೆ ಆರಾಧನಾ ಬರೆದೆವು. ನೋಡಿದವರಿಗೆ ಗೊತ್ತು, ಅದರಲ್ಲಿ ವಿಮಾನ ಓಡಿಸುವ ನಾಯಕ ಮೊದಲರ್ಧದಲ್ಲೇ ಅಪಘಾತದಲ್ಲಿ ಸಾಯುತ್ತಾನೆ. ಆಮೇಲೆ ಅವನ ಮಗನೂ ರಾಜೇಶ್ ಖನ್ನಾನೇ, ಅವನೂ ವಿಮಾನ ಓಡಿಸುವವನೇ. ನಾನೂ ನನ್ನ ಜೊತೆಯವನೂ "ನಾಯಕ ವಿಮಾನ ಬಿದ್ದು ಸತ್ತನು" ಎಂದು ಮುಗಿಸಿದ್ದೆವು. ಮಿಕ್ಕಿಬ್ಬರು "ನಾಯಕನು ಸುಖವಾಗಿ ವಿಮಾನ ಓಡಿಸುತ್ತಿದ್ದನು, ಅವನಿಗೆ ಒಬ್ಬ ಮುದಿ ತಾಯಿ ಇದ್ದಳು" ಎಂದು ಶುರು ಮಾಡಿದ್ದರು.

ಮಾಷ್ಟ್ರು ನಾಲ್ಕೂ ಪುಸ್ತಕ ತಂದು ಮೇಜಿನ ಮೇಲಿಟ್ಟು, ನಶ್ಯ ಏರಿಸಿ, ಒಂದೊಂದನ್ನೇ ಗಟ್ಟಿಯಾಗಿ ಓದಿದರು. ಕ್ಲಾಸು ಬಿದ್ದು ಬಿದ್ದು ನಕ್ಕಿತು. ನಮ್ಮನ್ನು ಸಾಲಾಗಿ ನಿಲ್ಲಿಸಿ, "ಇಂಟರ್‌ವಲ್ಲಿನಲ್ಲಿ ಸತ್ತವನು ಎದ್ದದ್ದು ಹೇಗೆ? ಉಳಿದರ್ಧ ಹೇಳಿ, ಪೂರ್ತಿ ಹೇಳದೆ ಇವತ್ತು ಮನೆಗಿಲ್ಲ" ಎಂದರು. ನಾವು ತಡವರಿಸುತ್ತ ಹೇಳಿದೆವು, ಮಧ್ಯೆ ಅವರೇ ತಿದ್ದಿದರು! "ಅಲ್ಲವೋ, ಅವಳು ಜೈಲಿಗೆ ಹೋಗುವುದು ಮಗನ ಮೇಲಿನ ಆಪಾದನೆ ತನ್ನ ಮೇಲೆ ಹಾಕಿಕೊಂಡು" ಎಂದು. ಆಗ ಗೊತ್ತಾಯಿತು, ಅವರು ಆಗಲೇ ನೋಡಿದ್ದಾರೆ, ಅದೂ ಪೂರ್ತಿ. ಹೊಡೆಯಲಿಲ್ಲ. ಆವತ್ತಿನಿಂದ ಯಾರು ಏನು ಅರ್ಧ ಮಾಡಿದರೂ, ಪದ್ಯ ಬಾಯಿಪಾಠ ಇರಲಿ, ಊರಿಗೆ ಕಾಗದ ಇರಲಿ, "ಉಳಿದರ್ಧ?" ಎಂದು ಕೇಳುವುದು ಅವರ ಅಭ್ಯಾಸವಾಯಿತು. ನಾನು ಎಸ್ಸೆಸ್ಸಿ ಪಾಸಾದಾಗ, ಮದುವೆಯಾದಾಗ, ಥಾಣೆಯಲ್ಲಿ ಸ್ವಂತ ಹೋಟೆಲು ಹಾಕಿದಾಗ, ಪ್ರತಿ ಸಲವೂ ಇದೇ ಪ್ರಶ್ನೆ.

ಹೋಟೆಲು ಎಂದೆ ಅಲ್ವಾ, ಈಗ ಎರಡು ಇವೆ. ಹೇಳಿಕೊಳ್ಳಲಿಕ್ಕಲ್ಲ, ಆದರೂ ಶಾಲೆಯ ಫ್ಯಾನುಗಳ ಮೇಲೆ ಯಾರ ಹೆಸರಿದೆ ಎಂದು ನೋಡಿದವರಿಗೆ ಗೊತ್ತು. ಆ ಫ್ಯಾನುಗಳ ಕೆಳಗೆ ಈಗ ಯಾರೂ ಇಲ್ಲ, ಅದು ಬೇರೆ ಮಾತು. ಊರಿನಿಂದ ಹುಡುಗರು ಹೋಟೆಲಿಗೆ ಬರುವುದಿಲ್ಲ. ಬರಬಾರದು ಕೂಡ, ಮಕ್ಕಳು ಕಪ್ಪು ತೊಳೆಯುವುದು ಒಳ್ಳೆಯದೆಂದು ನಾನು ಹೇಳಲಾರೆ. ಆದರೆ ನನ್ನ ಮೊಮ್ಮಗನ ಶಾಲೆ ನೋಡಿದರೆ ಒಂದು ಸಿಟ್ಟು. ಗೋಡೆಯಷ್ಟು ದೊಡ್ಡ ಪರದೆ, ತರಗತಿ ಮುಗಿದ ಮೇಲೆ ಕೋಚಿಂಗ್, ಪ್ರಾಜೆಕ್ಟು ಎಂದು ಥರ್ಮಕೋಲು. ನಿನ್ನ ಮೇಡಂ ಹೇಗೆ ಎಂದರೆ "ಯಾವ ಮೇಡಂ?" ಎನ್ನುತ್ತಾನೆ. ರಸ್ತೆಯಲ್ಲಿ ಕೂರಿಸಿ ಭೀಮಸೇನರನ್ನು ಕೇಳಿಸುವ ಮಾಷ್ಟ್ರು ಇವತ್ತು ಇದ್ದರೆ ಪಾಲಕರೇ ದೂರು ಕೊಡುತ್ತಾರೆ. ನನ್ನ ಮಗಳೇ ಮೊದಲು ಕೊಟ್ಟಾಳು.

ಒಪೆರಾ ಹೌಸ್ ಕೂಡ 1993ರಲ್ಲಿ ಮುಚ್ಚಿತು. ವಿಡಿಯೋ ಬಂತು, ಕೇಬಲ್ ಬಂತು, ಅಷ್ಟು ದೊಡ್ಡ ಮನೆಗೆ ಜನ ಎಲ್ಲಿಂದ ಬರಬೇಕು? ಗುಜರಾತಿನ ಗೋಂಡಲ್ ರಾಜಮನೆತನದವರದ್ದು ಅದು, 1952ರಲ್ಲಿ ಕೊಂಡದ್ದು. ಅವರು ಕೆಡವಿ ಮಾಲ್ ಕಟ್ಟಲಿಲ್ಲ, ಅದು ದೊಡ್ಡ ಮಾತು. ವರ್ಷಗಟ್ಟಲೆ ರಿಪೇರಿ ಮಾಡಿಸಿ, 2016ರ ಅಕ್ಟೋಬರಿನಲ್ಲಿ ಮತ್ತೆ ತೆರೆದರು. ಆಗ ಹಾಡಿದವರು ಇದೇ ಊರಲ್ಲಿ ಹುಟ್ಟಿದ, ಒಪೆರಾ ಎಂಬ ಪಾಶ್ಚಾತ್ಯ ಸಂಗೀತ ನಾಟಕದ ಗಾಯಕಿ ಪೆಟ್ರಿಷಿಯಾ ರೊಜಾರಿಯೊ. ಕೊನೆಗೂ ಒಪೆರಾ ಹೌಸ್‌ನಲ್ಲಿ ಒಪೆರಾ! ನಮ್ಮ ಕಾಲದಲ್ಲಿ ಹಾಗೆಂದರೆ ಏನೆಂದು ಕೇಳಿದ್ದರೆ ಹೆಡ್‌ಮಾಷ್ಟ್ರಿಗೂ ಗೊತ್ತಿರಲಿಲ್ಲ.

ಮರುವರ್ಷ ನಾನು ಮಾಷ್ಟ್ರನ್ನು ಅಲ್ಲಿಗೆ ಒಂದು ಹಿಂದೂಸ್ತಾನಿ ಕಛೇರಿಗೆ ಕರೆದುಕೊಂಡು ಹೋದೆ. ಎಂಬತ್ತೈದು ವಯಸ್ಸು, ಕೈಯಲ್ಲಿ ಅದೇ ಥರದ ಕೊಡೆ. ಬೆಲೆಬಾಳುವ ಸೀಟೇ ತೆಗೆದೆ. ಆಗ ನಾವು ಪರದೆಯ ಬುಡದಲ್ಲಿ ಕತ್ತೆತ್ತಿ ಕೂರುತ್ತಿದ್ದವರು, ಹಿಂದಿನ ಬಾಕ್ಸುಗಳು ಶೇಟುಗಳಿಗೆ. ಈಗ ಎಲ್ಲ ಚಿನ್ನದ ಬಣ್ಣ, ಕೆಂಪು ಮಖಮಲ್ಲು, ಮೇಲೆ ಗುಮ್ಮಟ. ಗುಮ್ಮಟದ ಎಂಟು ಭಾಗಗಳಲ್ಲಿ ಕವಿಗಳಿಗೂ ನಾಟಕಕಾರರಿಗೂ ಗೌರವ ಸಲ್ಲಿಸಿದ್ದಾರೆ ಎಂದು ನಾನು ಓದಿಕೊಂಡು ಬಂದದ್ದನ್ನು ಒಪ್ಪಿಸಿದೆ. ಮಾಷ್ಟ್ರು ಕತ್ತೆತ್ತಿ ನೋಡಿ, "ನಮ್ಮ ಕುಮಾರವ್ಯಾಸ ಉಂಟಾ?" ಎಂದರು. ಟಿಕೆಟ್ ಎಷ್ಟು ಎಂದು ಕೇಳಿದರು. ಹೇಳಿದೆ. "ಹಾಗಾದರೆ ಅರ್ಧ ಕೇಳಿ ಎದ್ದುಬಿಡುವ, ಇನ್ನಿಬ್ಬರನ್ನು ಕಳಿಸು" ಎಂದು ಗಟ್ಟಿಯಾಗಿ ಹೇಳಿದರು. ಮುಂದಿನ ಸಾಲಿನವರು ತಿರುಗಿ ನೋಡಿದರು. ಎದ್ದೇನೂ ಹೋಗಲಿಲ್ಲ. ಕೊನೆಯ ಭೈರವಿಯವರೆಗೂ ತೊಡೆಯ ಮೇಲೆ ತಾಳ ಹಾಕುತ್ತ ಕೂತಿದ್ದರು.

ಆ ನಾಲ್ವರಲ್ಲಿ ಒಬ್ಬ ಈಗಿಲ್ಲ, ಒಬ್ಬ ಪುಣೆಯಲ್ಲಿದ್ದಾನೆ, ಕಿವಿ ಕೇಳಿಸುವುದಿಲ್ಲ. ಇನ್ನೊಬ್ಬ, ಮುದಿ ತಾಯಿಯ ಕಥೆ ಬರೆದವನು, 1972ರಲ್ಲಿ ಊರಿಗೆಂದು ಹೋದವನು ಮತ್ತೆ ಬರಲಿಲ್ಲ. ಕುಂದಾಪುರದಾಚೆ ಬೈಂದೂರು ಕಡೆಯವನು, ಎಡಗೈಯಲ್ಲಿ ಬರೆಯುತ್ತಿದ್ದ, ನಮ್ಮ ಬ್ಯಾಚಿನವರಿಗೆಲ್ಲ ಗೊತ್ತು. ಅವನ ಸುದ್ದಿ ಯಾರಿಗಾದರೂ ತಿಳಿದಿದ್ದರೆ ದಯವಿಟ್ಟು ಸಂಪಾದಕರಿಗೆ ತಿಳಿಸಿ. ಆ ಟಿಕೆಟಿನ ಅರ್ಧ ದುಡ್ಡು ಇನ್ನೂ ಕೊಟ್ಟಿಲ್ಲ ಅವನು.