ಚಾಪೆಲ್‌ನಲ್ಲಿ ಕೇಳಿದ ರಸಾಯನಶಾಸ್ತ್ರದ ಪಾಠ

ಮಂಗಳೂರಿನ ಬಾವುಟಗುಡ್ಡೆಯ ಸಂತ ಅಲೋಶಿಯಸ್ ಕಾಲೇಜಿನಲ್ಲಿ ನಮಗೆ ರಸಾಯನಶಾಸ್ತ್ರ ಕಲಿಸುತ್ತಿದ್ದವರೇ ಚಾಪೆಲ್‌ನ ಗುರುಗಳೂ ಆಗಿದ್ದರು. ಪೂಜೆ ಮಾಡುವವರು ಆಸಿಡ್ ಮುಟ್ಟುತ್ತಾರೆಯೇ ಎಂದು ನನ್ನ ಅಜ್ಜಿಗೆ ಸೋಜಿಗ. ಧಾರಾಳವಾಗಿ ಮುಟ್ಟುತ್ತಿದ್ದರು. ಬೆಳಗಿನ ಬಲಿಪೂಜೆ ಮುಗಿಸಿ ನೇರವಾಗಿ ಲ್ಯಾಬಿಗೆ ಬಂದ ದಿನ ಅವರ ಬಿಳಿ ನಿಲುವಂಗಿಯ ಬಲತೋಳಿನಲ್ಲಿ ಆಸಿಡ್ ಸುಟ್ಟ ತೂತುಗಳಿಗೆ ಹಾಕಿದ ಹೊಲಿಗೆ ಕಾಣುತ್ತಿತ್ತು. ಅವರೇ ಹಾಕಿದ್ದಿರಬೇಕು, ಅಷ್ಟು ಸೊಟ್ಟಗಿತ್ತು.

ಪೂಜೆ ಕೊಂಕಣಿಯಲ್ಲಿ, ಪಾಠ ಇಂಗ್ಲಿಷಿನಲ್ಲಿ, ಕನ್ನಡ ಮಾಧ್ಯಮದಿಂದ ಬಂದ ನಮ್ಮಂಥವರಿಗೆ ಪಾಠದ ನಂತರ ಅದೇ ಪಾಠ ಕನ್ನಡದಲ್ಲಿ. ಬೈಗುಳ ಮಾತ್ರ ತುಳುವಿನಲ್ಲಿ.

ಕ್ರೈಸ್ತ ವಿದ್ಯಾರ್ಥಿಗಳಿಗೆ ಧರ್ಮೋಪದೇಶದ ತರಗತಿ ನಡೆಯುವಾಗ ಉಳಿದವರಿಗೆ ಮೌಲ್ಯ ಶಿಕ್ಷಣ. ಅದು ನಿದ್ದೆಯ ಪೀರಿಯಡ್ ಎಂದೇ ನಮ್ಮ ಲೆಕ್ಕ. ಆಷಾಢದ ಜಡಿಮಳೆಯಲ್ಲಿ ಒಮ್ಮೆ ಫಾದರ್ ನಮ್ಮನ್ನೆಲ್ಲ ಚಾಪೆಲ್‌ಗೆ ಕರೆದೊಯ್ದರು. ಇಟಲಿಯಿಂದ ಬಂದ ಯೇಸುಸಭೆಯ ಬ್ರದರ್ ಅಂತೋನಿಯೊ ಮೊಸ್ಕೇನಿ 1899ರಿಂದ 1901ರ ನಡುವೆ ಬರೆದ ಚಿತ್ರಗಳು ಗೋಡೆ, ಚಾವಣಿಗಳ ತುಂಬ ಇವೆ. ಇನ್ನು ದೇವರ ಮಾತು ಶುರುವಾಗುತ್ತದೆ ಎಂದು ಕಾದೆವು. ಶುರುವಾದದ್ದು ಸುಣ್ಣದ ಮಾತು. ಹಸಿ ಗಾರೆಯ ಮೇಲೆ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಿದರೆ, ಗಾರೆಯ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಬಣ್ಣ ಅದರೊಳಗೆ ಸಿಕ್ಕಿಕೊಳ್ಳುತ್ತದೆ, ಇದೇ ಫ್ರೆಸ್ಕೊ. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಊದಿ ಅದು ಬೆಳ್ಳಗಾಗುವುದನ್ನು ಹೈಸ್ಕೂಲಿನಲ್ಲೇ ನೋಡಿದ್ದೆವು. ಅದೇ ಕ್ರಿಯೆ ಇಲ್ಲಿ ಗೋಡೆಯಷ್ಟು ದೊಡ್ಡದಾಗಿ ನಡೆದಿತ್ತು. ಗಾರೆ ಒಣಗುವ ಮೊದಲೇ ಕೈ ಓಡಬೇಕು, ಆದ್ದರಿಂದ ಆ ದಿನ ಮುಗಿಸಬಲ್ಲಷ್ಟು ಜಾಗಕ್ಕೆ ಮಾತ್ರ ಗಾರೆ ಹಚ್ಚಬೇಕು. ಕೆಲವು ಚಿತ್ರಗಳು ಕ್ಯಾನ್ವಾಸಿನ ಮೇಲಿನ ತೈಲವರ್ಣದವು. ಯಾವುದು ಯಾವುದೆಂದು ನೀವೇ ಹೇಳಿ ಎಂದು ನಮ್ಮನ್ನು ನಡುವೆ ಬಿಟ್ಟು ಅವರು ಬೆಂಚಿನಲ್ಲಿ ಕುಳಿತರು. ಆ ಪೀರಿಯಡ್‌ನಲ್ಲಿ ಯಾರೂ ತೂಕಡಿಸಲಿಲ್ಲ.

ಫೇಲಾದವರು ಬಂದರೆ ಅಲೋಶಿಯಸ್ ಗೊನ್ಜಾಗಾನ ಕಥೆ ಹೇಳುತ್ತಿದ್ದರು. 1591ರಲ್ಲಿ ರೋಮಿನಲ್ಲಿ ಸಾಂಕ್ರಾಮಿಕದ ರೋಗಿಗಳ ಸೇವೆ ಮಾಡಿ, ತಾನೂ ಸೋಂಕು ತಗಲಿ 23ನೇ ವಯಸ್ಸಿನಲ್ಲಿ ತೀರಿಕೊಂಡವನು. "ಕಾಲೇಜಿಗೆ ಇವನ ಹೆಸರಿಟ್ಟಿದ್ದಾರೆ, ಇವನೂ ಓದು ಮುಗಿಸಿದವನಲ್ಲ" ಎನ್ನುವಾಗ ಮುಖದಲ್ಲಿ ನಗುವಿನ ಸುಳಿವೂ ಇರುತ್ತಿರಲಿಲ್ಲ.

ಚಾಪೆಲ್‌ನ ಗುರುಗಳಿಗೆ ಪೂಜೆಯೊಂದೇ ಕೆಲಸ ಎಂದುಕೊಂಡವರು ಮಧ್ಯಾಹ್ನ ಅವರ ಕೋಣೆಯ ಎದುರಿನ ಬೆಂಚು ನೋಡಬೇಕಿತ್ತು. ಮೆಸ್ ಬಿಲ್ ಬಾಕಿ ಇದ್ದವರು, ಮನೆಯಲ್ಲಿ ಜಗಳವಾಡಿ ಬಂದವರು, ಪ್ರೇಮದಲ್ಲಿ ಬಿದ್ದವರು, ಎಲ್ಲ ಜಾತಿ ಮತದವರೂ ಅಲ್ಲಿರುತ್ತಿದ್ದರು. ಪಾಪನಿವೇದನೆಯ ಗುಟ್ಟು ಕಾಯುವ ಅಭ್ಯಾಸದಿಂದಲೋ ಏನೋ, ಅಲ್ಲಿ ಆಡಿದ ಮಾತು ಸ್ಟಾಫ್ ರೂಮಿಗೆ ತಲುಪಿದ್ದು ನನಗೆ ಗೊತ್ತಿಲ್ಲ. ಅವರ ಪಾಠಕ್ಕಿಂತ ಈ ಗುಣವೇ ದೊಡ್ಡದೆಂದು ನನಗೆ ಈಗ ಅನಿಸುತ್ತದೆ.

ನಮ್ಮ ತರಗತಿಯ ಬೆಳ್ತಂಗಡಿ ಕಡೆಯ ಹುಡುಗನೊಬ್ಬನನ್ನು, ಓದಿದ್ದು ಸಾಕೆಂದು ತಂದೆ ತೋಟದ ಕೆಲಸಕ್ಕೆ ಕರೆಸಿಕೊಂಡಿದ್ದರು. ಫಾದರ್ ಒಂದು ಭಾನುವಾರ ಪೂಜೆಯಾದ ಮೇಲೆ ಬಸ್ ಹತ್ತಿ ಅವರ ಮನೆಗೆ ಹೋದರು. ಮರುವಾರ ಹುಡುಗ ತರಗತಿಯಲ್ಲಿದ್ದ. ಅವನ ತಂದೆಗೆ ಏನು ಹೇಳಿದಿರಿ ಎಂದು ನಾವು ಪೀಡಿಸಿದೆವು.

"ಹೇಳಿದ್ದೇನೂ ಇಲ್ಲ, ಅಡಿಕೆ ಧಾರಣೆ ಕೇಳಿದೆ. ಮಧ್ಯಾಹ್ನದವರೆಗೆ ಅವರೇ ಮಾತಾಡಿದರು" ಎಂದು ಫಾದರ್ ಹಾಜರಿ ಪುಸ್ತಕ ತೆರೆದರು.