ಗಾಡಿ ‘ಬ್ರೇಕ್‌ಡೌನ್ ಆಗೋಯ್ತು’: ಆಗು, ಮಾಡು ತಂದಿಡುವ ಇಂಗ್ಲಿಷ್ ತಪ್ಪುಗಳು

ಮಂಡ್ಯ ದಾಟಿ ಇನ್ನೇನು ಶ್ರೀರಂಗಪಟ್ಟಣ ಬಂತು ಅನ್ನುವಾಗ ಬಸ್ಸು ನಿಂತರೆ ಕಂಡಕ್ಟರು ಹೇಳುವುದು ಒಂದೇ ಮಾತು: ‘ಗಾಡಿ ಬ್ರೇಕ್‌ಡೌನ್ ಆಗೋಯ್ತು, ಎಲ್ಲ ಇಳ್ಕೊಳ್ಳಿ.’ ಕನ್ನಡದ ಮಟ್ಟಿಗೆ ಇದರಲ್ಲಿ ಏನೂ ತಪ್ಪಿಲ್ಲ. ಆಫೀಸಿಗೆ ತಡವಾದದ್ದಕ್ಕೆ ಕಾರಣ ಬರೆಯುವಾಗ ಇದೇ ವಾಕ್ಯ ‘ದ ಬಸ್ ಗಾಟ್ ಬ್ರೇಕ್‌ಡೌನ್’ ಆಗುತ್ತದಲ್ಲ, ಎಡವಟ್ಟು ಅಲ್ಲಿ. ಬರೆಯಬೇಕಾದ್ದು ‘ದ ಬಸ್ ಬ್ರೋಕ್ ಡೌನ್’. ನಾಮಪದವೇ ಬೇಕೆಂದರೆ ‘ದ ಬಸ್ ಹ್ಯಾಡ್ ಎ ಬ್ರೇಕ್‌ಡೌನ್’.

ಈ ತಪ್ಪಿನ ಬೇರು ಇಂಗ್ಲಿಷಿನಲ್ಲಿಲ್ಲ, ಕನ್ನಡದಲ್ಲಿದೆ. ಇಂಗ್ಲಿಷ್ ಪದವನ್ನು ನಾವು ನಾಮಪದದಂತೆ ತಂದುಕೊಂಡು ಅದರ ಬೆನ್ನಿಗೆ ‘ಆಗು’, ‘ಮಾಡು’ ಕಟ್ಟುತ್ತೇವೆ. ಲಾಗಿನ್ ಆದೆ, ಬ್ಯಾಕಪ್ ಮಾಡಿದ, ಚೆಕೌಟ್ ಮಾಡ್ತೀವಿ, ಶಟ್‌ಡೌನ್ ಮಾಡಿ. ಕಾಲ, ಲಿಂಗ, ವಚನದ ಹೊರೆಯೆಲ್ಲ ಕನ್ನಡ ಕ್ರಿಯಾಪದದ ತಲೆ ಮೇಲೆ. ಇಂಗ್ಲಿಷ್ ತುಂಡು ಮಾತ್ರ ಕಲ್ಲಿನ ಹಾಗೆ ಇದ್ದಲ್ಲೇ ಇರುತ್ತದೆ. ವರ್ಷಗಟ್ಟಲೆ ಹೀಗೇ ಆಡಿದವರಿಗೆ ಅದರೊಳಗೆ ಒಂದು ಕ್ರಿಯಾಪದವೂ ಇದೆ ಎನ್ನುವುದೇ ಮರೆತುಹೋಗಿರುತ್ತದೆ. ‘ಐ ಡಿಡ್ ಲಾಗಿನ್’ ಹುಟ್ಟುವುದು ಹೀಗೆ. ‘ಪ್ಲೀಸ್ ಲಾಗೌಟ್’ ಎಂದು ಒಂದೇ ಪದವಾಗಿ ಕೂಡಿಸಿ ಬರೆದ ಚೀಟಿಗಳು ಹುಟ್ಟುವುದೂ ಹೀಗೆಯೇ.

ಲಾಗ್ ಇನ್, ಬ್ರೇಕ್ ಡೌನ್ ಥರದ ಜೋಡಿಗಳನ್ನು ಬರೆಯುವ ಕ್ರಮ ಇಷ್ಟು: ಕ್ರಿಯೆಯಾದರೆ ಎರಡು ಪದ, ನಡುವೆ ಜಾಗ. ನಾಮಪದವಾದರೆ ಒಂದೇ ಪದ, ಇಲ್ಲವೇ ನಡುವೆ ಅಡ್ಡಗೆರೆ. ಅನುಮಾನ ಬಂದರೆ ವಾಕ್ಯವನ್ನು ನಿನ್ನೆಗೆ ತಳ್ಳಿ ನೋಡಿ. ‘ನಿನ್ನೆ ಲಾಗ್ಡ್ ಇನ್’ ಎಂದು ಮೊದಲ ತುಂಡು ಬದಲಾದರೆ ಅದು ಕ್ರಿಯೆ, ಬಿಡಿಸಿ ಬರೆಯಿರಿ. ‘ಲಾಗಿನ್ಡ್’ ಎಂಬ ಪದ ಇಲ್ಲ. ಶಟ್, ಸೆಟ್, ಕಟ್ ಇಂಥವು ಭೂತಕಾಲದಲ್ಲೂ ಹಾಗೇ ಇರುವುದರಿಂದ ಈ ಪರೀಕ್ಷೆ ಅಲ್ಲಿ ಕೈಕೊಡುತ್ತದೆ. ಆಗ ‘ಇಟ್’ ಎಂಬುದನ್ನು ನಡುವೆ ತುರುಕಿ ನೋಡಿ. ‘ಸೆಟ್ ಇಟ್ ಅಪ್’ ಸರಿಯಾಗಿ ಕೂರುತ್ತದೆ, ಆದ್ದರಿಂದ ಕ್ರಿಯೆ. ‘ದ ಸೆಟಪ್’ ನಡುವೆ ಒಂದು ಕೂದಲೂ ತೂರುವುದಿಲ್ಲ. ಆದರೆ ಕರ್ಮವಿಲ್ಲದ ‘ಬ್ರೇಕ್ ಡೌನ್’ ಥರದವಕ್ಕೆ ಈ ಎರಡನೆಯ ಪರೀಕ್ಷೆ ಒಗ್ಗದು; ಅಲ್ಲಿ ಭೂತಕಾಲವೇ ಗತಿ.

ಬರವಣಿಗೆಗಿಂತ ಉಚ್ಚಾರದಲ್ಲಿ ನಾವು ಹೆಚ್ಚು ಸಿಕ್ಕಿಬೀಳುತ್ತೇವೆ. ಕನ್ನಡದ ಕಿವಿ ಹಿಡಿಯುವುದು ಹ್ರಸ್ವ ದೀರ್ಘವನ್ನು: ಬಳೆ ಬೇರೆ, ಬಾಳೆ ಬೇರೆ. ಇಂಗ್ಲಿಷಿನಲ್ಲಿ ಒತ್ತು ಎಲ್ಲಿ ಬೀಳುತ್ತದೆ ಅನ್ನುವುದರ ಮೇಲೂ ಅರ್ಥ ನಿಂತಿರುತ್ತದೆ. ಮೈಸೂರಿನ ಮಂಡಕಳ್ಳಿ ನಿಲ್ದಾಣದಿಂದ ವಿಮಾನ ಮೇಲಕ್ಕೇರುವುದನ್ನು ಕ್ರಿಯೆಯಾಗಿ ಹೇಳಿದರೆ ‘ಟೇಕ್ ಆಫ್’ನಲ್ಲಿ ದನಿ ಎತ್ತಬೇಕಾದ್ದು ‘ಆಫ್’ ಮೇಲೆ. ಆ ಏರುವಿಕೆಯನ್ನೇ ನಾಮಪದವಾಗಿ ಹೇಳಿದರೆ ದನಿ ‘ಟೇಕ್’ ಮೇಲೆ, ಹಿಂದಿನದು ಮೆಲ್ಲಗೆ ಇಳಿಯಬೇಕು. ನಾವು ಎರಡನ್ನೂ ಒಂದೇ ಸಮ ಎಳೆಯುತ್ತೇವೆ. ಮೇಜು ತಟ್ಟುತ್ತಾ ಅಭ್ಯಾಸ ಮಾಡಿದರೆ ಬೇಗ ಹಿಡಿತಕ್ಕೆ ಬರುತ್ತದೆ: ನಾಮಪದಕ್ಕೆ ಮೊದಲ ತುಂಡಿಗೆ ಏಟು, ಕ್ರಿಯೆಗೆ ಎರಡನೆಯದಕ್ಕೆ.

ಇನ್ನು ಪದಗಳ ಅನುಕ್ರಮ. ಮಳೆಗಾಲದಲ್ಲಿ ಮೈಸೂರು, ಮಂಡ್ಯದ ಪತ್ರಿಕೆಗಳಲ್ಲಿ ಕೆಆರ್‌ಎಸ್ ಜಲಾಶಯದ ಲೆಕ್ಕ ಬರುತ್ತದೆ: ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು. ಇಂಗ್ಲಿಷಿನಲ್ಲಿ ಅವು ಇನ್‌ಫ್ಲೋ, ಔಟ್‌ಫ್ಲೋ. ನೀರು ‘ಫ್ಲೋಸ್ ಇನ್’, ಆದರೆ ನಾಮಪದದಲ್ಲಿ ‘ಇನ್’ ಮುಂದೆ ಬಂದು ಕೂತಿದೆ. ಒಳಹರಿವು, ಹಿನ್ನಡೆ, ಮುನ್ನಡೆ ಎಂದು ದಿಕ್ಕನ್ನು ಮೊದಲೇ ಇಡುವ ನಮಗೆ ಇದು ಮನೆಯ ಪದ್ಧತಿ. ಇನ್‌ಕಮ್, ಔಟ್‌ಕಮ್, ಇನ್‌ಟೇಕ್, ಡೌನ್‌ಫಾಲ್, ಅಪ್‌ಕೀಪ್ ಎಲ್ಲ ಈ ಹಳೆಯ ಜಾತಿಯವು. ದಿಕ್ಕು ಹಿಂದೆ ಬರುವ ಬ್ರೇಕ್‌ಡೌನ್, ಟೇಕೋವರ್, ಡ್ರಾಪೌಟ್ ಜಾತಿಯೇ ಹೊಸದು, ಈಗ ಹೆಚ್ಚು ಬೆಳೆಯುತ್ತಿರುವುದೂ ಅದೇ.

ತಲೆನೋವು ಎಂದರೆ ಅದೇ ಎರಡು ತುಂಡು ಹಿಂದುಮುಂದಾದಾಗ ಅರ್ಥವೇ ಬದಲಾಗುವುದು. ಲೇಔಟ್ ಎಂದರೆ ವಿನ್ಯಾಸ, ಔಟ್‌ಲೇ ಎಂದರೆ ಖರ್ಚಿಗೆ ಇಟ್ಟ ಹಣ. (ನಿವೇಶನಗಳ ಬಡಾವಣೆಗೆ ‘ಲೇಔಟ್’ ಅನ್ನುವುದು ನಮ್ಮ ಕಡೆಯ ರೂಢಿ, ಲಂಡನ್ನಿನವರಿಗೆ ಹಾಗೆಂದರೆ ನಕ್ಷೆ ಕೇಳಿಯಾರು.) ಜೈಲಿನಿಂದ ತಪ್ಪಿಸಿಕೊಂಡರೆ ಬ್ರೇಕೌಟ್, ಕಾಲರಾ ಹಬ್ಬಿದರೆ ಔಟ್‌ಬ್ರೇಕ್, ಎರಡಕ್ಕೂ ಕ್ರಿಯಾಪದ ‘ಬ್ರೇಕ್ ಔಟ್’ ಒಂದೇ. ಲುಕೌಟ್ ಕಾವಲು, ಔಟ್‌ಲುಕ್ ದೃಷ್ಟಿಕೋನ. ಇವನ್ನು ಜೋಡಿಯಾಗಿಯೇ ಕಲಿಯಬೇಕು. ಒಂದೊಂದೇ ಕಲಿತರೆ ಪರೀಕ್ಷೆಯ ಹೊತ್ತಿಗೆ ಅದಲುಬದಲಾಗುವುದು ಖಂಡಿತ. ಅಲ್ಲದೆ ಓವರ್‌ಟೇಕ್, ಬೈಪಾಸ್‌ನಂಥವು ಕ್ರಿಯೆಯಾಗಿದ್ದರೂ ಒಂದೇ ಪದ. ಹೊಸ ಹೆದ್ದಾರಿ ಮದ್ದೂರು, ಮಂಡ್ಯ ಎರಡನ್ನೂ ‘ಬೈಪಾಸಸ್’. ಅಲ್ಲಿ ‘ಪಾಸಸ್ ಬೈ’ ಎಂದರೆ ಪಕ್ಕದಲ್ಲಿ ಹಾದುಹೋಗುತ್ತದೆ ಅಷ್ಟೇ, ಊರನ್ನು ತಪ್ಪಿಸಲೆಂದೇ ಮಾಡಿದ ದಾರಿ ಎನ್ನುವ ಅರ್ಥ ಇಲ್ಲ.

ಕ್ರಿಯಾಪದದ ಅರ್ಥಗಳೆಲ್ಲ ನಾಮಪದಕ್ಕೆ ಇಳಿದು ಬರುವುದಿಲ್ಲ. ‘ವರ್ಕ್ ಔಟ್’ ಎಂದರೆ ಲೆಕ್ಕ ಬಿಡಿಸುವುದೂ ಹೌದು, ಕಸರತ್ತು ಮಾಡುವುದೂ ಹೌದು. ‘ವರ್ಕೌಟ್’ ಕಸರತ್ತು ಮಾತ್ರ. ಬಟ್ಟೆ ಕಳಚುವುದಕ್ಕೂ ‘ಟೇಕ್ ಆಫ್’ ನಡೆಯುತ್ತದೆ, ಆದರೆ ಆ ಕಳಚುವಿಕೆಗೆ ‘ಟೇಕಾಫ್’ ಅನ್ನುವಂತಿಲ್ಲ. ‘ಲುಕ್ ಆಫ್ಟರ್’, ‘ಗಿವ್ ಅಪ್’ಗಳಿಗಂತೂ ಇಂಥ ಜೋಡಿ ನಾಮಪದವೇ ಇಲ್ಲ. ನೀವೇ ಕಟ್ಟಿಕೊಳ್ಳಲು ಹೋಗಬೇಡಿ, ನಿಘಂಟು ತೆರೆಯಿರಿ.

ಕೆಲಸದ ಜಾಹೀರಾತುಗಳಲ್ಲಿ ಕಾಣುವ ‘2022 ಪಾಸೌಟ್’ ಇಂಥದೇ ಕಟ್ಟುಪದ. ಬ್ರಿಟನ್ನಿನಲ್ಲಿ ‘ಪಾಸ್ ಔಟ್’ ಎಂದರೆ ಮೂರ್ಛೆ ಹೋಗುವುದು, ಅಥವಾ ಸೈನಿಕ ತರಬೇತಿ ಮುಗಿಸುವುದು. ಊರೊಳಗಿನ ಅರ್ಜಿಗೆ ನಡೆಯುತ್ತದೆ, ಹೊರದೇಶದ ಕಂಪನಿಗೆ ‘ಗ್ರಾಜುಯೇಟೆಡ್ ಇನ್ 2022’ ಎಂದು ಬರೆಯುವುದೇ ಕ್ಷೇಮ.

ಬಹುವಚನ ಸುಲಭ: ಬ್ರೇಕ್‌ಡೌನ್ಸ್, ಬ್ಯಾಕಪ್ಸ್ ಎಂದು ಕೊನೆಗೇ ‘ಸ್’. ಮೊದಲ ತುಂಡು ‘ಅರ್’ ಸೇರಿ ವ್ಯಕ್ತಿಯ ಹೆಸರಾಗಿದ್ದರೆ ಮಾತ್ರ ‘ಸ್’ ಅದಕ್ಕೇ ಅಂಟುತ್ತದೆ: ಪಾಸರ್ಸ್-ಬೈ, ರನ್ನರ್ಸ್-ಅಪ್. ಕಬಡ್ಡಿ ಟ್ರೋಫಿಯ ಮೇಲೆ ಬರೀ ‘ರನ್ನರ್ಸ್’ ಎಂದು ಕೆತ್ತಿಸಿದರೆ ಅವರು ಓಡಿದರು ಎಂದಷ್ಟೇ ಆಯಿತು.

ಅಡ್ಡಗೆರೆಗೆ ಗಟ್ಟಿ ನಿಯಮವಿಲ್ಲ. ಚೆಕ್-ಇನ್, ಫಾಲೋ-ಅಪ್ ಥರದವು ಗೆರೆ ಉಳಿಸಿಕೊಂಡಿವೆ. ಮೇಕಪ್ಪಿಗೆ ಬ್ರಿಟಿಷರು ಗೆರೆ ಹಾಕುತ್ತಾರೆ, ಅಮೆರಿಕದವರು ಕೂಡಿಸಿ ಬರೆಯುತ್ತಾರೆ. ಒಂದು ಬರಹದಲ್ಲಿ ಒಂದೇ ರೀತಿ ಇದ್ದರೆ ಸಾಕು.

ಕಲಿಯಲು ಪುಸ್ತಕಕ್ಕಿಂತ ಇಂಗ್ಲಿಷ್ ಪತ್ರಿಕೆ ವಾಸಿ, ಏಕೆಂದರೆ ತಲೆಬರಹಗಳು ಜಾಗ ಉಳಿಸಲು ಈ ನಾಮಪದಗಳನ್ನೇ ಹುಡುಕುತ್ತವೆ. ಸಂಜೆ ‘ಸ್ಟಾರ್ ಆಫ್ ಮೈಸೂರ್’ ತೆಗೆದು ದಿನಕ್ಕೆ 5 ಪದ ಗುರುತು ಹಾಕಿ, ಹೆಚ್ಚು ಬೇಡ. ನೋಟ್‌ಬುಕ್ಕಿನ ಎಡಕ್ಕೆ ನಾಮಪದದ ವಾಕ್ಯ, ಬಲಕ್ಕೆ ಅದೇ ಸಂಗತಿ ಕ್ರಿಯಾಪದದಲ್ಲಿ, ಅದೂ ಭೂತಕಾಲದಲ್ಲಿ. ಕೆಳಗೆ ನೀವು ಮನೆಯಲ್ಲಿ ಆಡುವ ‘ಆಯ್ತು–ಮಾಡ್ದೆ’ ಕನ್ನಡ ವಾಕ್ಯ. 3 ದಿನ ಬಿಟ್ಟು ಕನ್ನಡದ ಸಾಲು ಮಾತ್ರ ಕಾಣುವಂತೆ ಉಳಿದದ್ದನ್ನು ಮುಚ್ಚಿ, ಎರಡೂ ಇಂಗ್ಲಿಷ್ ವಾಕ್ಯಗಳನ್ನು ಮೇಜು ತಟ್ಟುತ್ತಾ ಜೋರಾಗಿ ಹೇಳಿ. ಬಲಗಡೆಯದು ತಡವರಿಸಿದರೆ ಆ ಪದವನ್ನು ಮತ್ತೆ ಮರುದಿನದ ಐದರಲ್ಲಿ ಸೇರಿಸಿ.